ದಾಸರ ಪದಗಳ ಅಂಕಿತವೂ ಕುಣಿತದ ಮುದ್ರಿಕೆಗಳ ಶ್ರವಣವೂ

ಹರಿದಾಸರ ಪದಗಳ ಕಡೆಯ ನುಡಿಯಲ್ಲಿ ಕರ್ತೃವಿನ ಅಂಕಿತವಿರುವುದಷ್ಟೆ. ಪಲ್ಲವಿಯಿಂದ ಮೊದಲಾಗಿ ನುಡಿ ನುಡಿಯಾಗಿ ಬೆಳೆದು ಬಂದ ಪದವು ಅಂಕಿತವನ್ನು ಮುಟ್ಟಿದ ಮೇಲೆಯೇ ಮುಗಿಯಿತೆಂದು ಕೇಳುವವರು ಭಾವಿಸುವುದು ವಾಡಿಕೆ. ಈಚೆಗೆ ಇಂತಹ ಪದಗಳೂ ಜನಪದ ಗೀತಗಳೂ ವಿದ್ಯುದ್ಯಂತ್ರಗಳಿಂದ ಹುಟ್ಟಿಸಿದ ತಾಳಕ್ಕೆ ಹೊಂದಿಸಲ್ಪಟ್ಟು, ಮೆರವಣಿಗೆಗಳಲ್ಲಿಯೂ ಮದುವೆಯ ದಿಬ್ಬಣಗಳಲ್ಲಿಯೂ ಕುಣಿತಕ್ಕೋಸ್ಕರ ಕೇಳಿಬರುತ್ತಿರುವುವು. ಜನರು ಇವನ್ನು ‘ಡಿಜೆ ಹಾಡು’ ಎಂತಲೂ ‘ರೀಮಿಕ್ಸ್’ ಎಂತಲೂ ಕರೆಯುವರು. ಒಂದು ಮುದ್ರಿಕೆಯನ್ನು ಬಿಡಿಸಿ, ಅದರ ಭಾಗಗಳನ್ನು ಬೇರೆ ಲಯದಲ್ಲಿ ಮತ್ತೆ ಜೋಡಿಸುವುದೇ ರೀಮಿಕ್ಸಿನ ಲಕ್ಷಣ. ವಿದ್ವಾಂಸರಲ್ಲಿ ಹಲವರು ಇದನ್ನು ಬರಿಯ ಗದ್ದಲವೆಂದು ಹೇಳಿ ಸುಮ್ಮನಾಗುತ್ತಾರೆ. ಗದ್ದಲವೆಂಬುದು ಸುಳ್ಳಲ್ಲ. ಆದರೆ ಬಹುಜನರು ಕೇಳಿ ಹರ್ಷಪಡುವ ವಸ್ತುವಿನಲ್ಲಿ ಅವರು ಆಸ್ವಾದಿಸುವುದು ಏನನ್ನು ಎಂಬ ಪ್ರಶ್ನೆಯು ಶಾಸ್ತ್ರದ ಎಲ್ಲೆಗೆ ಹೊರಗಾದುದಲ್ಲ. ಆ ಆಸ್ವಾದದ ಸ್ವರೂಪವೇನು, ಅದರ ನಡುವೆ ಅಂಕಿತಕ್ಕೆ ಒದಗಿದ ಗತಿಯೇನು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಾಗಿದೆ.

ಈ ವಿಚಾರಕ್ಕೆ ರಾಯಚೂರು ಸೀಮೆಯು ತಕ್ಕ ನೆಲೆಯಾಗಿರುವುದು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನಲ್ಲಿಯೇ ದಾಸಸಾಹಿತ್ಯದ ಎರಡನೆಯ ಏಳಿಗೆಯು ನಡೆದುದು. ವಿಜಯದಾಸರು (೧೬೮೨–೧೭೫೫) ಹುಟ್ಟಿದುದು ಮಾನವಿಯ ಕಡೆಯ ಚೀಕಲಪರ್ವಿಯಲ್ಲಿ. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು. ಹರಿಕಥಾಮೃತಸಾರದ ಕರ್ತೃಗಳಾದ ಜಗನ್ನಾಥದಾಸರು (೧೭೨೮–೧೮೦೯) ಬ್ಯಾಗವಾಟದಲ್ಲಿ ಹುಟ್ಟಿ ಮಾನವಿಯಲ್ಲಿ ನೆಲಸಿದವರು. ಗುಂಜಹಳ್ಳಿಯೇ ಮೊದಲಾದ ಸುತ್ತಣ ಹಳ್ಳಿಗಳಿಗೆ ಈ ಊರುಗಳು ನೆರೆಯವು. ಇಂತಹ ಹಳ್ಳಿಗಳಲ್ಲಿ ಒಬ್ಬನೇ ಮನುಷ್ಯನು ಸಂಜೆ ಗುಡಿಯ ಭಜನೆಯಲ್ಲಿ ತಾಳ ಪೇಟಿಗಳೊಡನೆ ಪದವನ್ನು ಕೇಳುವನು. ಹಬ್ಬದ ದಿನ ವಾಹನದ ಮೇಲೆ ಒಡ್ಡಿದ ಧ್ವನಿವರ್ಧಕಗಳಿಂದ ಕುಣಿತದ ಹಾಡನ್ನೂ ಕೇಳುವನು. ಆತನಿಗಿರುವುದು ಒಂದೇ ಜೊತೆ ಕಿವಿ. ಎರಡು ಬಗೆಯ ಶ್ರವಣವೂ ಅದೇ ಕಿವಿಯಲ್ಲಿ ಹೇಗೆ ಒಗ್ಗಿ ನಿಂತಿವೆಯೆಂಬುದೇ ಇಲ್ಲಿ ಮುಖ್ಯವಾದ ಸಂಗತಿ.

ಮೊದಲು ಪರಿಭಾಷೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಹಾಡಿನ ಎರಡು ಅಂಗಗಳನ್ನು ಹೇಳಿರುವನು. ನುಡಿಯ ಭಾಗವು ಮಾತು. ಸ್ವರದ ಭಾಗವು ಧಾತು. ಎರಡನ್ನೂ ತಾನೇ ರಚಿಸಬಲ್ಲವನು ವಾಗ್ಗೇಯಕಾರ. ಇದರೊಡನೆ ಆತನು ಇನ್ನೊಂದು ಹೆಸರನ್ನೂ ಕೊಟ್ಟಿರುವನು; ಸಾಮಾನ್ಯವಾಗಿ ಓದುಗರು ಅದನ್ನು ಗಮನಿಸುವುದಿಲ್ಲ. ಅನ್ಯರು ಮಾಡಿದ ಧಾತುವಿಗೆ ತನ್ನ ಮಾತನ್ನು ಕೂಡಿಸುವವನು ಕುಟ್ಟಿಕಾರನು. ಪರರ ಮಟ್ಟಿಗೆ ಪದ ಕಟ್ಟುವವನಿಗೆ ಅಂದೇ ಒಂದು ಹೆಸರು, ಒಂದು ಸ್ಥಾನ ಇದ್ದುವೆಂದು ಇದರಿಂದ ಸ್ಪಷ್ಟವಾಗುವುದು. ಇಂದಿನ ರೀಮಿಕ್ಸ್ ಮಾಡುವವನಾದರೋ ಕುಟ್ಟಿಕಾರನಿಗೆ ವಿಪರೀತನು: ಮಾತು ಪರರದು, ಕಂಠವೂ ಪರರದು, ಧಾತುವಿನ ಬಹುಭಾಗವೂ ಪರರದೇ, ಲಯವೂ ಧ್ವನಿಯ ಬಣ್ಣವೂ ಮಾತ್ರ ತನ್ನವು. ಇವನಿಗೆ ಶಾಸ್ತ್ರದಲ್ಲಿ ಹೆಸರಿಲ್ಲ. ಹೆಸರಿಲ್ಲದ ಮಾತ್ರಕ್ಕೆ ಕೆಲಸವು ಹೀನವೆಂದು ಹೇಳಲಾಗದು. ಶಾರ್ಙ್ಗದೇವನ ಕಾಲದಲ್ಲಿ ಕಂಠವನ್ನು ಕಂಠದಿಂದ ಬಿಡಿಸಿಕೊಂಡು ಹೋಗುವ ಉಪಾಯವೇ ಇರಲಿಲ್ಲ.

ಮಟ್ಟು ಬದಲಾಗುವುದು ಕನ್ನಡದ ಕಿವಿಗೆ ಹೊಸದಲ್ಲ. ದಾಸರು ತಮ್ಮ ಪದಗಳನ್ನು ಹಾಡಿದ ಮಟ್ಟುಗಳು ಸ್ವರಲಿಪಿಯಲ್ಲಿ ಉಳಿದುಬಂದಿಲ್ಲವಾದ ಕಾರಣ, ಈಗ ಪ್ರಚಾರದಲ್ಲಿರುವವುಗಳಲ್ಲಿ ಬಹುಪಾಲು ತರುವಾಯದ ಗಾಯಕರು ಕೂಡಿಸಿದವು. ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಂಬ ಪದವನ್ನೇ ನೋಡಬಹುದು. ದಕ್ಷಿಣದ ವಿದ್ವಾಂಸರು ಇದನ್ನು ಮಧ್ಯಮಾವತಿಯಲ್ಲಿ ಹಾಡುವ ರೂಢಿಯುಂಟು. ಗದಗಿನ ನೆಲದಿಂದ ಬಂದ ಭೀಮಸೇನ ಜೋಶಿಯವರು (೧೯೨೨–೨೦೧೧) ಹಿಂದೂಸ್ತಾನೀ ಪದ್ಧತಿಯಲ್ಲಿ ಹಾಡಿದುದು ಮುದ್ರಿಕೆಗಳ ಮೂಲಕ ಮನೆಮನೆಗೆ ಮುಟ್ಟಿತು. ಶುಕ್ರವಾರದ ಪೂಜೆಯಲ್ಲಿ ಹೆಂಗಸರು ಹಾಡುವ ಮಟ್ಟು ಇವೆರಡಕ್ಕೂ ಪೂರ್ಣವಾಗಿ ಒಳಪಡುವುದಿಲ್ಲ. ಆದರೂ ಮೂರನ್ನು ಕೇಳಿದವರೂ ಇದು ಒಂದೇ ಪದವೆಂದು ಗುರುತಿಸುವುದರಲ್ಲಿ ತಡೆಯುವುದಿಲ್ಲ.

ಈ ಗುರುತಿಸುವಿಕೆಗೆ ಶಾಸ್ತ್ರಕಾರರು ಪ್ರತ್ಯಭಿಜ್ಞೆಯೆಂದು ಹೆಸರಿಟ್ಟಿರುವರು. ಹಿಂದೆ ಬೇರೊಂದು ಊರಿನಲ್ಲಿ ಕಂಡ ದೇವದತ್ತನನ್ನು ಇಂದು ಬೇರೆ ಉಡುಪಿನಲ್ಲಿ ಕಂಡು, ಅವನೇ ಇವನೆಂದು ತಿಳಿಯುವುದು ಇದಕ್ಕೆ ದೃಷ್ಟಾಂತ. ಇದು ಬರಿಯ ನೆನಪಲ್ಲ, ಬರಿಯ ಕಾಣ್ಕೆಯೂ ಅಲ್ಲ. ಎರಡೂ ಕೂಡಿ ಹುಟ್ಟುವ ಜ್ಞಾನ. ರೀಮಿಕ್ಸನ್ನು ಕೇಳುವವನ ಮೊದಲ ಸಂತೋಷವು ಇದೇ ಆಗಿರುವುದು. ಯಂತ್ರದ ತಾಳವು ಸ್ವಲ್ಪ ಕಾಲ ತಾನೇ ನಡೆದು, ಅದರ ಒಳಗಿನಿಂದ ಚಿರಪರಿಚಿತವಾದ ಒಂದು ಎಳೆಯು ಮೆಲ್ಲನೆ ಹೊರಬಂದಾಗ ನೆರೆದ ಜನರು ಒಮ್ಮೆಲೇ ಕೂಗುತ್ತಾರೆ. ಆ ಕೂಗಿಗೆ ಎಳೆಯ ಸೊಗಸೊಂದೇ ಕಾರಣವಲ್ಲ; ‘ಅದೇ ಇದು’ ಎಂದು ಮನಸ್ಸು ಹಿಡಿದ ಕ್ಷಣವೇ ಮುಖ್ಯವಾದ ಕಾರಣ. ಪೂರ್ವದಲ್ಲಿ ಆ ಹಾಡನ್ನು ಕೇಳದವನಿಗೆ ಈ ಸುಖವು ದೊರೆಯದು. ಆದುದರಿಂದ ರೀಮಿಕ್ಸಿನ ರಸಿಕನೂ ಒಂದು ಬಗೆಯ ಸಹೃದಯನೇ ಸರಿ. ಅವನಲ್ಲಿಯೂ ಪೂರ್ವಶ್ರವಣದ ವಾಸನೆ ಇರಬೇಕು. ಅಭಿನವಗುಪ್ತಪಾದರು ಸಹೃದಯನಿಗೆ ಹೇಳಿದ ಕಾವ್ಯಾಭ್ಯಾಸದ ಷರತ್ತು ಇಲ್ಲಿ ಅಗ್ಗದ ರೂಪದಲ್ಲಿ ನೆರವೇರುತ್ತದೆಂದು ಯಾರಾದರೂ ಅಂದರೆ ಅಲ್ಲಗಳೆಯುವ ಹಾಗಿಲ್ಲ. ಆದರೆ ನೆರವೇರುತ್ತದೆ.

ಎರಡನೆಯ ಸಂತೋಷವು ಕಾಯುವುದರಲ್ಲಿದೆ. ಕುಣಿತದ ಮುದ್ರಿಕೆಗಳಲ್ಲಿ ನಿಮಿಷಕ್ಕೆ ೧೨೦ರಿಂದ ೧೩೦ ಪೆಟ್ಟುಗಳು ಸಮನಾಗಿ ಬೀಳುತ್ತಿದ್ದು, ನಡುವೆ ಒಂದೆಡೆ ಮದ್ದಲೆಯ ಸ್ಥಾನದಲ್ಲಿರುವ ಧ್ವನಿಯನ್ನು ಬೇಕೆಂದೇ ನಿಲ್ಲಿಸಿಬಿಡುವರು. ಕಂಠವೋ ಒಂದು ಸ್ವರವೋ ಒಂಟಿಯಾಗಿ ನಿಂತಿರುತ್ತದೆ. ಪೆಟ್ಟು ಮರಳಿ ಬೀಳುವ ಜಾಗಕ್ಕೆ ‘ಡ್ರಾಪ್’ ಎಂದು ಹೆಸರು. ಅದು ಬರುವುದೆಂದು ಎಲ್ಲರಿಗೂ ಗೊತ್ತು. ಯಾವಾಗ ಬರುವುದೆಂಬುದನ್ನು ಮೈಯೇ ಎಣಿಸುತ್ತಿರುತ್ತದೆ. ಸ್ವರವನ್ನು ಎಷ್ಟೇ ದೂರ ಒಯ್ದರೂ ಎಡುಪಿಗೆ ಬಂದು ಸೇರುವ ಗಾಯಕನನ್ನು ಕಚೇರಿಯಲ್ಲಿ ಕಾಯುವವರೂ, ತಬಲಾದ ತಿಹಾಯಿಯು ಸಮಕ್ಕೆ ಬೀಳುವುದನ್ನು ಕಾಯುವವರೂ ಅನುಭವಿಸುವುದು ಇದನ್ನೇ. ಭಜನೆಯಲ್ಲಿಯೂ ಪಲ್ಲವಿಯನ್ನು ದುಪ್ಪಟ್ಟು ವೇಗಕ್ಕೆ ಎತ್ತಿ, ಒಮ್ಮೆಲೇ ವಿಳಂಬಕ್ಕೆ ಇಳಿಸಿದಾಗ ತಲೆಗಳೆಲ್ಲ ಕೂಡಿ ಅಲ್ಲಾಡುವುದುಂಟು. ಮೂರನೆಯದು ದೇಹದ ಸಂತೋಷ: ಅತಿ ಮಂದ್ರದ ನಾದವು ಕಿವಿಗಿಂತ ಮುಂಚೆ ಎದೆಗೆ ತಟ್ಟುತ್ತದೆ. ಇದನ್ನು ವಿವರಿಸುವ ಅಗತ್ಯವಿಲ್ಲ. ಮೆರವಣಿಗೆಯ ಹಾದಿಯ ಮನೆಗಳ ಕಿಟಕಿಗಳಿಗೂ ಇದು ತಿಳಿದಿದೆ.

ಹೀಗಿರುವಲ್ಲಿ ಆಕ್ಷೇಪವೆಲ್ಲಿ ಉಂಟಾಗುವುದು? ಪದವನ್ನು ಕತ್ತರಿಸುವಲ್ಲಿ. ಕುಣಿತಕ್ಕೆ ಬೇಕಾಗುವುದು ಪಲ್ಲವಿ, ಹೆಚ್ಚೆಂದರೆ ಮೊದಲ ನುಡಿ. ಪ್ರತ್ಯಭಿಜ್ಞೆಗೆ ಅಷ್ಟೇ ಸಾಕು. ಪದದ ತುದಿಯಲ್ಲಿರುವ ಅಂಕಿತದ ವರೆಗೆ ಮುದ್ರಿಕೆಯು ಮುಂದುವರಿಯುವುದು ವಿರಳ. ಆದರೆ ಈ ಕತ್ತರಿಯನ್ನು ಮೊದಲು ಹಿಡಿದವರು ರೀಮಿಕ್ಸಿನವರಲ್ಲವೆಂಬುದನ್ನು ಒಪ್ಪಲೇಬೇಕು. ಹತ್ತು ಅಂಗುಲದ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲು ಹಿಡಿಯುತ್ತಿದ್ದುದು ಸುಮಾರು ೩ ನಿಮಿಷದಷ್ಟು ಹಾಡನ್ನು ಮಾತ್ರ. ಐದಾರು ನುಡಿಗಳ ಪದವು ಆ ಅಳತೆಗೆ ಕುಗ್ಗಲೇಬೇಕಾಯಿತು. ಸಮಯದ ಅಭಾವದಿಂದ ಎರಡು ನುಡಿಗೆ ನಿಲ್ಲಿಸುವ ಕಚೇರಿಯ ವಿದ್ವಾಂಸರೂ ಈ ವಿಷಯದಲ್ಲಿ ಕೇವಲ ನಿರ್ದೋಷಿಗಳಲ್ಲ.

ಗ್ರಾಮಫೋನ್ ತಟ್ಟೆಯ ಜೊತೆಗೆ ಇನ್ನೊಂದು ವಿಚಿತ್ರವೂ ಬಂದಿತು. ೧೯೦೨ರಲ್ಲಿ ಕಲಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬವನು ಗೌಹರ್ ಜಾನಳ ಹಾಡುಗಳನ್ನು ಮುದ್ರಿಸಿದನು. ಆಕೆಯು ಹಾಡಿನ ತುದಿಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ಅಚ್ಚಾಗುವುದಕ್ಕೆ ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದ ಮೂಲತಟ್ಟೆಗಳಲ್ಲಿ ಯಾವುದು ಯಾರದೆಂದು ಅಲ್ಲಿಯವರಿಗೆ ತಿಳಿಯಲೆಂದು ಈ ಏರ್ಪಾಡು ನಡೆದಿತ್ತೆಂದು ಹೇಳುವರು. ಕಾರಣವು ವ್ಯಾಪಾರದ್ದಾದರೂ ಪರಿಣಾಮವು ಬೇರೆಯಾಯಿತು. ಹಾಡಿನ ತುದಿಯಲ್ಲಿ ಪದಕರ್ತನ ಅಂಕಿತವಿದ್ದ ಜಾಗಕ್ಕೆ ಹಾಡಿದವಳ ಹೆಸರು ಬಂದು ಕುಳಿತಿತು. ಈ ಗೌಹರ್ ಜಾನಳೇ ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ೧೯೨೮ರಲ್ಲಿ ಬಂದು, ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳೆಂಬುದು ವಾಚಕರಲ್ಲಿ ಕೆಲವರಿಗೆ ತಿಳಿದಿರಬಹುದು.

ಈಗಿನ ಕುಣಿತದ ಹಾಡುಗಳಲ್ಲಿ ಆ ಹೆಸರೂ ಸ್ಥಾನಪಲ್ಲಟ ಹೊಂದಿದೆ. ಮುದ್ರಿಕೆಯ ಆದಿಯಲ್ಲಿ, ಕೆಲವೆಡೆ ನಡುವೆಯೂ ಎರಡು ಮೂರು ಸಲ, ಪ್ರತಿಧ್ವನಿಸುವ ಕಂಠವೊಂದು ಮಿಶ್ರಣ ಮಾಡಿದವನ ಹೆಸರನ್ನೂ ಅವನ ಊರನ್ನೂ ಸಾರುತ್ತದೆ. ಇನ್ನೊಬ್ಬನು ಆ ಮಿಶ್ರಣವನ್ನು ತನ್ನದೆಂದು ಹಾಕಿಕೊಳ್ಳದಿರಲೆಂಬುದೇ ಇದರ ಉದ್ದೇಶ. ಎಂದರೆ ಅಂಕಿತವೆಂಬ ಸಂಸ್ಥೆಯು ಅಳಿದಿಲ್ಲ. ಪದಕರ್ತನಿಂದ ಗಾಯಕನಿಗೂ, ಗಾಯಕನಿಂದ ಮಿಶ್ರಣಕಾರನಿಗೂ ಕೈದಾಟಿದೆ. ಸ್ಥಾನವೂ ತುದಿಯಿಂದ ಮೊದಲಿಗೆ ಬಂದಿದೆ. ಕೇಳುವ ಹುಡುಗರು ಹತ್ತು ಮಿಶ್ರಣಗಳಲ್ಲಿ ಇದು ಇಂತಹವನದು, ಅವನ ಪೆಟ್ಟು ಹೀಗಿರುತ್ತದೆ ಎಂದು ಮೊದಲ ನಾಲ್ಕು ಮಾತ್ರೆಯಲ್ಲಿಯೇ ಹೇಳಬಲ್ಲರು. ಇಷ್ಟು ಸೂಕ್ಷ್ಮವಾದ ಕಿವಿಯುಳ್ಳವರನ್ನು ಪದ ಯಾರದೆಂದು ಕೇಳಿದರೆ ಉತ್ತರವು ಬರುವುದು ಕಷ್ಟ. ಬಂದರೂ ದಾಸರ ಪದವೆಲ್ಲವೂ ಪುರಂದರದಾಸರದೇ ಎಂಬ ಉತ್ತರವು ಬರುವುದುಂಟು.

ದಾಸರ ಅಂಕಿತಕ್ಕೂ ಈ ಹೊಸ ಅಂಕಿತಕ್ಕೂ ಇರುವ ಭೇದವನ್ನು ಇಲ್ಲಿ ಹೇಳತಕ್ಕದ್ದು. ದಾಸನು ಅಂಕಿತವನ್ನು ತಾನೇ ಇಟ್ಟುಕೊಳ್ಳುವುದಿಲ್ಲ. ಅದು ಗುರುವಿನಿಂದ ಬರತಕ್ಕದ್ದು. ವಿಜಯದಾಸರಿಗೆ ಪುರಂದರದಾಸರು ಸ್ವಪ್ನದಲ್ಲಿ ಅಂಕಿತವನ್ನು ಕೊಟ್ಟರೆಂಬುದು ಸಂಪ್ರದಾಯದ ನಂಬಿಕೆ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಮುದ್ರೆಗಳಲ್ಲಿ ಕವಿಯ ಹೆಸರು ದೇವರ ಹೆಸರಿನೊಳಗೆ ಸೇರಿಹೋಗಿರುವುದು. ಮೇಲಾಗಿ, ಅಂಕಿತವು ಪದದ ಅರ್ಥಕ್ಕೂ ಅಂಗವಾಗಿರುವುದು. ‘ಭಾಗ್ಯದ ಲಕ್ಷ್ಮೀ’ ಪದದ ಕಡೆಯ ನುಡಿಯಲ್ಲಿ ಲಕ್ಷ್ಮಿಯನ್ನು ಪುರಂದರವಿಠಲನ ರಾಣಿಯೆಂದು ಕರೆದಿದೆ. ಅಲ್ಲಿಯ ವರೆಗೆ ಗೆಜ್ಜೆಯ ಕಾಲಿನಿಂದ ಮನೆಗೆ ಬರುತ್ತಿರುವ ಭಾಗ್ಯದೇವತೆಯು, ಅಲ್ಲಿ ಬಂದ ಮೇಲೆ ಹಾಡುವವನ ಒಡೆಯನ ಮಡದಿಯಾಗುತ್ತಾಳೆ; ಕರೆದವನಿಗೂ ಬಂದವಳಿಗೂ ನಂಟು ಏರ್ಪಡುತ್ತದೆ. ಆ ನುಡಿಯನ್ನು ಕತ್ತರಿಸಿದಲ್ಲಿ ಹೋಗುವುದು ಬರಿಯ ಸಹಿಯಲ್ಲ. ಉಳಿಯುವುದು ಸಂಪತ್ತಿಗೆ ಕೊಟ್ಟ ಕರೆ ಮಾತ್ರ. ಮದುವೆಯ ಮನೆಗಳಲ್ಲಿ ಅಷ್ಟೇ ಸಾಕೆನ್ನುವವರಿದ್ದರೆ ಅದು ಬೇರೆ ವಿಷಯ.

ಕಾಯಿದೆಯ ಕಡೆಯಿಂದ ದಾಸರಿಗೆ ಯಾವ ಆಶ್ರಯವೂ ಇಲ್ಲ. ೧೯೫೭ರ ಕೃತಿಸ್ವಾಮ್ಯದ ಕಾಯಿದೆಯು ಸಾಹಿತ್ಯ ಸಂಗೀತಗಳ ಕರ್ತೃವಿಗೆ ಈಗ ಕೊಡುತ್ತಿರುವ ರಕ್ಷಣೆಯು ಆತನ ಮರಣಾನಂತರ ೬೦ ವರ್ಷಗಳಿಗೆ ಮುಗಿಯುವುದು. ಮುನ್ನೂರು, ಐನೂರು ವರ್ಷಗಳ ಹಿಂದಿನವರ ಪದಗಳನ್ನು ಯಾರು ಏನು ಮಾಡಿದರೂ ಕೇಳುವ ನ್ಯಾಯಸ್ಥಾನವಿಲ್ಲ. ಆದಕಾರಣ ಪದದ ಕರ್ತೃತ್ವಕ್ಕೆ ಸಾಕ್ಷಿಯಾಗಿ ಪದದೊಡನೆಯೇ ಪ್ರಯಾಣ ಮಾಡುವುದು ಅಂಕಿತವೊಂದೇ. ಓಲೆ ಕಳೆದರೂ, ಮಟ್ಟು ಮರೆತರೂ ಅದು ಬಾಯಿಂದ ಬಾಯಿಗೆ ಬಂದಿದೆ.

ವಸ್ತುವಿಗೆ ಹೊರಗಿನ ಚೀಟಿಯು ಎಷ್ಟು ಕಾಲ ಕಾಪಾಡಬಲ್ಲದೆಂಬುದಕ್ಕೆ ಮುಂಬಯಿಯ ಒಂದು ನಿದರ್ಶನವುಂಟು. ಚಲಚ್ಚಿತ್ರಗಳ ವಾದ್ಯಗೋಷ್ಠಿಯಲ್ಲಿದ್ದ ಚರಣ್‌ಜಿತ್ ಸಿಂಗ್ ಎಂಬವರು ೧೯೮೨ರಲ್ಲಿ ಭೈರವ, ಲಲಿತ, ತೋಡಿ, ಮಾಲಕಂಸ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಯಂತ್ರಗಳ ಮೇಲೆಯೇ ನುಡಿಸಿ, ‘ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ತಟ್ಟೆಯನ್ನು ಹೊರಡಿಸಿದರು. ಅವರು ಬಳಸಿದ ರೋಲ್ಯಾಂಡ್ ಕಂಪೆನಿಯ ಟಿಬಿ-೩೦೩ ಎಂಬ ಯಂತ್ರವು ೧೬ ಹೆಜ್ಜೆಗಳ ಆವರ್ತವನ್ನು ಹಿಡಿಯತಕ್ಕದ್ದು. ತ್ರಿತಾಲದ ಮಾತ್ರೆಗಳೂ ೧೬ ಆಗಿರುವುದು ಕಾಕತಾಳೀಯ. ಆದರೆ ಒಂದು ಸ್ವರದಿಂದ ಮತ್ತೊಂದಕ್ಕೆ ಕಡಿಯದೆ ಜಾರುವ ಶಕ್ತಿಯು ಆ ಯಂತ್ರಕ್ಕಿದ್ದುದರಿಂದ, ಪೇಟಿಯಲ್ಲಿ ಬಾರದ ಗಮಕದ ಛಾಯೆಯೊಂದು ಅದರಲ್ಲಿ ಬಂದಿತು. ಆಗ ಈ ತಟ್ಟೆಯನ್ನು ಯಾರೂ ಅಷ್ಟಾಗಿ ವಿಚಾರಿಸಲಿಲ್ಲ. ಹಾಲೆಂಡಿನ ಸಂಗ್ರಾಹಕನೊಬ್ಬನ ಪ್ರಯತ್ನದಿಂದ ೨೦೧೦ರಲ್ಲಿ ಮತ್ತೆ ಅಚ್ಚಾದಾಗ ಪಾಶ್ಚಾತ್ಯ ರಸಿಕರು ಬೆರಗಾದರು. ಏಕೆಂದರೆ ಶಿಕಾಗೊ ನಗರದಲ್ಲಿ ಅದೇ ಯಂತ್ರದಿಂದ ಹುಟ್ಟಿ ‘ಆಸಿಡ್ ಹೌಸ್’ ಎಂದು ಹೆಸರಾದ ಶೈಲಿಯ ಮೊದಲ ಮುದ್ರಿಕೆಯೆಂದು ಎಣಿಸುತ್ತಿದ್ದುದು ೧೯೮೭ರದು. ಈ ತಟ್ಟೆಯೇ ಹೊಸದಾಗಿ ಮಾಡಿದ ಕೃತಕವೆಂದು ಕೆಲವರು ಶಂಕಿಸಿದರು. ಆ ಶಂಕೆಯನ್ನು ಕಳೆದುದು ಹಳೆಯ ತಟ್ಟೆಯೂ ಅದರ ಹೊದಿಕೆಯ ಮೇಲಿದ್ದ ಹೆಸರೂ. ಸಿಂಗರು ೨೦೧೫ರಲ್ಲಿ ತೀರಿಕೊಳ್ಳುವುದಕ್ಕೆ ಮುಂಚೆ ತಮ್ಮ ಕೆಲಸಕ್ಕೆ ಬಂದ ಮನ್ನಣೆಯನ್ನು ಕಂಡರು. ಕೈಯಿಂದ ಕೈಗೆ ದೂರವಾಣಿಯಲ್ಲಿ ಸಾಗುವ ಇಂದಿನ ಹಾಡಿಗೆ ಹೊದಿಕೆಯೇ ಇಲ್ಲ. ಕಳುಹಿಸುವವನು ಇಟ್ಟ ಹೆಸರೇ ಅದರ ಹೆಸರು.

ಇದಕ್ಕೆ ಪ್ರತಿಯಾಗಿ ಕೆಲವು ಹಾಡುಗಳಿಗೆ ಈ ಕತ್ತರಿಯಿಂದ ಹಾನಿಯಿಲ್ಲವೆಂಬುದನ್ನೂ ಕಾಣಬೇಕು. ‘ಸೋಜುಗದ ಸೂಜು ಮಲ್ಲಿಗೆ’ ಎಂಬುದು ಮಲೆಯ ಮಾದೇಶ್ವರನ ಒಕ್ಕಲಿನ ನಡುವೆ ಬೆಳೆದ ಜನಪದ ಗೀತ. ರಾಜ್ ಬಿ. ಶೆಟ್ಟಿಯವರು ನಿರ್ದೇಶಿಸಿ, ಮಿಥುನ್ ಮುಕುಂದನ್ ಅವರು ಸಂಗೀತ ಕೂಡಿಸಿದ ‘ಗರುಡ ಗಮನ ವೃಷಭ ವಾಹನ’ ಎಂಬ ೨೦೨೧ರ ಚಲಚ್ಚಿತ್ರದಲ್ಲಿ ಚೈತ್ರಾ ಆಚಾರ್ ಅವರ ಕಂಠದಿಂದ ಇದು ಮತ್ತೆ ಕೇಳಿಬಂದು, ಕುಣಿತದ ರೂಪಗಳನ್ನೂ ಬಹಳವಾಗಿ ಪಡೆಯಿತು. ಚಾಮರಾಜನಗರದ ಬೆಟ್ಟದ ಹಾಡಿಗೆ ರಾಯಚೂರಿನ ಕಡೆಯವರೂ ಕುಣಿದರು. ಈ ಗೀತಕ್ಕೆ ಕರ್ತೃವಿನ ಅಂಕಿತವಿಲ್ಲ. ಇರತಕ್ಕ ಹೆಸರು ಮಾದೇವನದೊಂದೇ. ಅದಾದರೋ ಪಲ್ಲವಿಯಲ್ಲಿಯೇ ಇದೆ. ಎಷ್ಟು ಕತ್ತರಿಸಿದರೂ, ಎರಡೇ ಸಾಲು ಉಳಿಸಿಕೊಂಡರೂ, ಆ ಕರೆಯು ಉಳಿಯುವುದು. ಒಟ್ಟು ಸಮುದಾಯದ ಸೊತ್ತಾದ ಹಾಡು ತನ್ನ ಹೆಸರನ್ನು ಬಾಗಿಲಲ್ಲಿಯೇ ಇಟ್ಟುಕೊಂಡಿದೆ. ದಾಸರು ಹಿತ್ತಿಲ ಕೋಣೆಯಲ್ಲಿ ಇಟ್ಟರು. ವಿನಯದಿಂದ ಇಟ್ಟದ್ದು ಈಗ ಅವರಿಗೇ ಮುಳುವಾಗಿದೆ.

ಪದವನ್ನು ಪೂರ್ತಿಯಾಗಿ ಹಾಡಿದರೆ ಕುಣಿತವು ಕೆಡುವುದೆಂಬುದು ಮಿಶ್ರಣಕಾರರ ವಾದ. ಈ ವಾದವು ಪರೀಕ್ಷೆಗೆ ನಿಲ್ಲುವುದಿಲ್ಲ. ಪೂರ್ವದಲ್ಲಿ ಹೇಳಿದಂತೆ ಪೆಟ್ಟನ್ನು ನಿಲ್ಲಿಸಿ ಕಂಠವನ್ನು ಒಂಟಿಯಾಗಿ ಬಿಡುವ ಎಡೆಯೊಂದು ಅವರ ಮುದ್ರಿಕೆಯಲ್ಲಿಯೇ ಇರುವುದಷ್ಟೆ. ನಿಮಿಷಕ್ಕೆ ೧೨೦ ಪೆಟ್ಟಿನ ಹಾಡಿನಲ್ಲಿ ನಾಲ್ಕು ಪೆಟ್ಟಿನ ೧೬ ಆವರ್ತಗಳನ್ನು ಆ ಎಡೆಗೆ ಬಿಟ್ಟರೆ ದೊರೆಯುವ ಕಾಲವು ೩೨ ಸೆಕೆಂಡು. ದಾಸರ ಪದದ ಒಂದು ನುಡಿಯನ್ನು ಮಧ್ಯಮಕಾಲದಲ್ಲಿ ಹಾಡುವುದಕ್ಕೆ ಇಷ್ಟು ಸಾಕು. ಈಗ ಆ ಜಾಗದಲ್ಲಿ ಪಲ್ಲವಿಯ ಒಂದು ಪದವನ್ನೇ ಚೂರು ಮಾಡಿ ಮತ್ತೆ ಮತ್ತೆ ಹೇಳಿಸುವರು. ಅದರ ಬದಲು ಕಡೆಯ ನುಡಿಯನ್ನು ಅಲ್ಲಿ ಕೂಡಿಸಿದರೆ, ನೆರೆದವರೆಲ್ಲರೂ ಉಸಿರು ಹಿಡಿದು ಕಾಯುವ ಆ ಅರೆನಿಮಿಷದಲ್ಲಿ ವಿಜಯವಿಠಲನ ಹೆಸರು ಒಂಟಿಯಾಗಿ ಕೇಳಿಸುವುದು. ಪೆಟ್ಟು ಅದರ ಮೇಲೆ ಬಂದು ಬೀಳುವುದು.